ಮೊದಲು ಕಿವಿಗೆ, ಆಮೇಲೆ ಕಾಗದಕ್ಕೆ

ಜರ್ಸಿ ಸಿಟಿ
೨೧ ಫೆಬ್ರವರಿ ೨೦೨೪

ಅಕ್ಕಾ, ಶರಣು.

ಫೆಬ್ರವರಿ ಹತ್ತನೇ ತಾರೀಖು, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಮಗೆ ಹೆಣ್ಣುಮಗು ಹುಟ್ಟಿತು. ಮಗು, ಬಾಣಂತಿ ಇಬ್ಬರೂ ಆರಾಮಾಗಿದ್ದಾರೆ. ಹನ್ನೊಂದು ದಿನ ತಡವಾಗಿ ತಿಳಿಸುತ್ತಿದ್ದೇನೆ ಎಂದು ಬೈಯಬೇಡ. ಮೂರು ಸಲ ಬರೆದು ಮೂರು ಸಲವೂ ಹರಿದೆ. ಇಲ್ಲಿಯ ಸಿಟಿ ಹಾಲ್ ಕಚೇರಿಯಲ್ಲಿ ಜಪಾನಿನ ಕನಾಕೊಳನ್ನು ಮದುವೆ ಮಾಡಿಕೊಂಡು ವಾರದ ಮೇಲೆ ಅಕ್ಕನಿಗೆ ತಿಳಿಸಿದ ತಮ್ಮ ಯಾವ ಮುಖ ಇಟ್ಟುಕೊಂಡು ಬರೆಯಬೇಕು ಹೇಳು. ಫೋನಿನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ, ಹೇಳುವುದಿದ್ದರೆ ಕಾಗದ ಬರೆದು ಅದರ ಫೋಟೋ ವಾಟ್ಸಾಪಿನಲ್ಲಿ ಕಳಿಸು ಎಂದು ನೀನು ಹೇಳಿ ಮೂರು ವರ್ಷವಾಯಿತು. ಆ ಮಾತು ಮೀರಿಲ್ಲ.

ಈಗ ಒಂದು ಕೇಳುವುದಿದೆ. ನಮ್ಮಲ್ಲಿ ಹೆಸರಿಡುವವಳು ಸೋದರತ್ತೆ. ಆಸ್ಪತ್ರೆಯಲ್ಲಿ ಜನನ ಪತ್ರದ ಫಾರಂ ಹಿಡಿದ ಹೆಂಗಸು ಮೂರು ಸಲ ಬಂದು ಮಗುವಿನ ಹೆಸರು ಕೇಳಿದಳು. ಆ ಜಾಗ ಖಾಲಿ ಬಿಡಿ, ಹೆಸರು ಧಾರವಾಡದಿಂದ ಬರಬೇಕು ಎಂದೆ. ಕೊರಿಯರ್‌ನಲ್ಲಿ ಬರುತ್ತದಾ ಎಂದು ಕೇಳಿದಳು. ಸದ್ಯಕ್ಕೆ ಕಾಗದದಲ್ಲಿ ‘ಬೇಬಿ ಗರ್ಲ್’ ಎಂದಷ್ಟೇ ಇದೆ. ಕನಾಕೊಗೂ ಇದು ಒಪ್ಪಿಗೆ.

ಅವಸರವೇನಿಲ್ಲ. ನಿಧಾನವಾಗಿ ಯೋಚಿಸಿ ಕಳಿಸು. ಮಾವನಿಗೆ ನಮಸ್ಕಾರ.

ನಿನ್ನ ಶಶಿಧರ

*

ಧಾರವಾಡ
೨ ಮಾರ್ಚ್ ೨೦೨೪

ಚಿರಂಜೀವಿ ಶಶಿಧರನಿಗೆ ಅಕ್ಕನ ಆಶೀರ್ವಾದ.

ನಿನ್ನ ಅಕ್ಷರ ಕೋಳಿ ಕೆದರಿದಂತಾಗಿದೆ. ಇಪ್ಪತ್ತೆಂಟು ವರ್ಷದಿಂದ ಊರ ಮಕ್ಕಳಿಗೆಲ್ಲ ಕನ್ನಡ ತಿದ್ದಿಸುವವಳ ತಮ್ಮ ನೀನು. ಕಂಪ್ಯೂಟರಿನ ಮುಂದೆ ಕೂತು ಕೈ ಕೆಡಿಸಿಕೊಂಡಿದ್ದೀಯಾ.

ಫೋಟೋ ನೋಡಿದೆ. ಕಣ್ಣು ನಿನ್ನ ಹೆಂಡತಿಯವು. ಹಣೆ ನಮ್ಮ ಅವ್ವನದು, ಅದರಲ್ಲಿ ಅನುಮಾನವಿಲ್ಲ. ನಿಮ್ಮ ಮಾವ ಈಶಣ್ಣನವರು ಕನ್ನಡಕ ಏರಿಸಿ ನೋಡಿ, “ಮೂಗು ನಂದು” ಅಂದರು. ನಿಮ್ಮ ಮೂಗು ಅಲ್ಲಿಗೆ ಹೆಂಗ ಹೋಯ್ತು ಎಂದು ಕೇಳಿದ ಮೇಲೆ ಕನ್ನಡಕ ಇಳಿಸಿದರು.

ಹೆಸರು: ಸಿರಿ.

ಎರಡೇ ಅಕ್ಷರ. ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ. ನಿನ್ನ ಹೆಂಡತಿಗೂ ನಾಲಿಗೆ ಹೊರಳುತ್ತದೆ. ಯಾಕೆ ಈ ಹೆಸರು ಎಂದು ಕೇಳಬೇಡ, ಬಹಳ ದಿನದಿಂದ ಮನಸ್ಸಿನಲ್ಲಿತ್ತು ಅಷ್ಟೆ.

ತೊಟ್ಟಿಲಲ್ಲಿ ಹಾಕಿ, ಕಡಲೆ ಗುಗ್ಗರಿ ಹಂಚಿ, ಮಗುವಿನ ಕಿವಿಯಲ್ಲಿ ಕುರ್‌ರ್ ಎಂದು ಹೆಸರು ಹೇಳುವುದು ಅತ್ತೆಯ ಕೆಲಸ. ಅವಳು ಹೇಳುವಾಗ ಹಿಂದಿನಿಂದ ಹೆಂಗಸರು ಬೆನ್ನಿಗೆ ಗುದ್ದಬೇಕು. ಅಲ್ಲಿ ಅತ್ತೆಯೂ ಇಲ್ಲ, ಗುದ್ದುವವರೂ ಇಲ್ಲ. ನೀನೇ ಹೇಳಿ ಮುಗಿಸು.

ಶೈಲಮ್ಮ

*

ಜರ್ಸಿ ಸಿಟಿ
೯ ಮಾರ್ಚ್ ೨೦೨೪

ಅಕ್ಕಾ, ಶರಣು.

ಕಾಗದ ಬಂತು. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ನದಿಯ ಕಡೆಯಿಂದ ಬೀಸುವ ಗಾಳಿಗೆ ಹದಿನಾಲ್ಕನೇ ಮಹಡಿಯ ಕಿಟಕಿ ಸದ್ದು ಮಾಡುತ್ತದೆ, ಮಗು ಬೆಚ್ಚುತ್ತದೆ. ಕನಾಕೊಗೆ ಮಾರಿಸ್‌ಟೌನ್‌ನ ಲ್ಯಾಬಿನಿಂದ ಇನ್ನೂ ಎರಡು ತಿಂಗಳು ರಜೆ ಇದೆ. ನಾನು ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುತ್ತೇನೆ. ಹೋದ ಶನಿವಾರ ಜ್ಯಾಕ್ಸನ್ ಹೈಟ್ಸಿನ ನಮ್ಮವರ ಅಂಗಡಿಗಳಿಗೆ ಹೋಗಿ ಅಜವಾನ, ಒಣಕೊಬ್ಬರಿ, ಅಳವಿ ತಂದು ಕನಾಕೊಗೆ ಬಾಣಂತಿ ಉಂಡಿ ಕಟ್ಟಿದೆ. ಉಂಡಿ ಬಿಗಿಯಾಗಲಿಲ್ಲ, ಚಮಚದಲ್ಲಿ ತಿಂದಳು.

ಹೆಸರು ಚೆನ್ನಾಗಿದೆ. ಹಾಗೆಯೇ ಇನ್ನೊಂದೆರಡು ಹೆಸರು ಮನಸ್ಸಿಗೆ ಬಂದರೆ ಅವನ್ನೂ ಬರೆದು ಕಳಿಸು. ಇರಲಿ ಅಂತ ಅಷ್ಟೆ.

ನಿನ್ನ ಶಶಿಧರ

*

ಧಾರವಾಡ
೧೩ ಮಾರ್ಚ್ ೨೦೨೪

ಶಶಿಧರನಿಗೆ.

ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನೀನು ಯಾವಾಗ ಕಲಿತೆ? ಗಾಳಿ ಬರೆದೆ, ಚಳಿ ಬರೆದೆ, ಉಂಡಿ ಕಟ್ಟಿದ್ದು ಬರೆದೆ. ಹೆಸರಿನ ಬಗ್ಗೆ ಒಂದೂವರೆ ಸಾಲು. “ಚೆನ್ನಾಗಿದೆ” ಎನ್ನುವುದು ಊಟಕ್ಕೆ ಹೇಳುವ ಮಾತು. ನಾನು ಮಾಸ್ತರತಿ, ನೋಟ್‌ಬುಕ್ಕಿನಲ್ಲಿ ಏನು ಬರೆದಿಲ್ಲ ಎಂಬುದನ್ನೇ ಮೊದಲು ನೋಡುವವಳು.

ನಿನ್ನ ಹೆಂಡತಿಗೆ ನಮ್ಮ ಕಡೆಯ ಹೆಸರು ಬೇಡವಾಗಿದೆ, ಹೌದಲ್ಲೋ? ಹೇಳಿಬಿಡು. ಅತ್ತೆಯ ಬಾಯಿ ಮುಚ್ಚಿಸಲು ಹೆಸರು ಕೇಳಿದಿರಿ, ಕೊಟ್ಟ ಮೇಲೆ ಇನ್ನೆರಡು ಕೊಡು ಅನ್ನುತ್ತೀರಿ. ಸೀರೆ ಅಂಗಡಿಯಲ್ಲಿ ಹಾಗೆ ಕೇಳಬೇಕು.

ಇನ್ನೊಂದು. ನಮ್ಮ ಪಕ್ಕದ ಮನೆಯ ಚನ್ನಮ್ಮನ ಅಳಿಯ ನ್ಯೂಜರ್ಸಿಯಲ್ಲೇ ಇದ್ದಾನೆ. ತಂದೆ ತಾಯಿ ಬೇರೆ ಬೇರೆ ದೇಶದವರಾದರೆ ಮಗುವಿಗೆ ಎರಡೆರಡು ದೇಶದ ಪೌರತ್ವ ಸಿಗುತ್ತದೆ ಎಂದು ಅವನು ಹೇಳಿದನಂತೆ. ಚನ್ನಮ್ಮ ಕೇಳಿದಳು: “ಹಂಗಾದ್ರ ನಿಮ್ಮ ಕೂಸಿಗೆ ಯಾವ ಎರಡು ದೇಶರೀ ಟೀಚರ?” ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆ ಎರಡರಲ್ಲಿ ನಮ್ಮದು ಇದೆಯೋ ಇಲ್ಲವೋ?

ಶೈಲಮ್ಮ

*

ಜರ್ಸಿ ಸಿಟಿ
೨೪ ಮಾರ್ಚ್ ೨೦೨೪

ಅಕ್ಕಾ,

ಹನ್ನೊಂದು ದಿನ ಉತ್ತರ ಬರೆಯಲು ಧೈರ್ಯ ಬರಲಿಲ್ಲ. ಈಗ ಎಲ್ಲವನ್ನೂ ಬರೆಯುತ್ತೇನೆ. ಪೂರ್ತಿ ಓದಿ ಆಮೇಲೆ ಸಿಟ್ಟಾಗು.

ಮೊದಲು ನಿನ್ನ ಪ್ರಶ್ನೆ. ಇಲ್ಲ ಅಕ್ಕಾ, ನಮ್ಮದು ಇಲ್ಲ. ಇಲ್ಲಿ ಹುಟ್ಟಿದ್ದರಿಂದ ಮಗು ಅಮೆರಿಕದ ಪ್ರಜೆ. ತಾಯಿಯ ಕಡೆಯಿಂದ ಜಪಾನಿನ ಪ್ರಜೆ. ಭಾರತ ಎರಡನೆಯದನ್ನು ಒಪ್ಪುವುದಿಲ್ಲ. ನನ್ನ ಕಡೆಯಿಂದ ಭಾರತದ ಪ್ರಜೆ ಮಾಡಬೇಕೆಂದರೆ ಬೇರೆ ಯಾವ ದೇಶದ ಪಾಸ್‌ಪೋರ್ಟೂ ಇಲ್ಲ ಎಂದು ಬರೆದುಕೊಡಬೇಕು. ನಮ್ಮ ಕಡೆಯಿಂದ ಒಂದು ಓಸಿಐ ಕಾರ್ಡು ಸಿಗುತ್ತದೆ, ವೀಸಾ ಇಲ್ಲದೆ ಊರಿಗೆ ಬರಬಹುದು. ಅದು ಪೌರತ್ವವಲ್ಲ. ನಿನಗೆ ಸುಳ್ಳು ಹೇಳಲಾರೆ.

ಜಪಾನಿನದು ಯಾಕೆ ಬೇಕು ಎಂದರೆ, ನಾನೂ ಕನಾಕೊನೂ ಇಲ್ಲಿ ಕೆಲಸದ ವೀಸಾದ ಮೇಲೆ ಇದ್ದೇವೆ. ನನ್ನ ಆಫೀಸಿನ ಫ್ಲೋರಿನಲ್ಲಿ ಜನವರಿಯಲ್ಲಿ ಒಂಬತ್ತು ಜನರನ್ನು ಕೆಲಸದಿಂದ ತೆಗೆದರು. ನಾಳೆ ನಮ್ಮ ಸರದಿ ಬಂದರೆ ಎರಡು ತಿಂಗಳಲ್ಲಿ ಮೂಟೆ ಕಟ್ಟಬೇಕು. ಆಗ ಹೋಗಬಹುದಾದ ಜಾಗ ಕನಾಕೊಳ ತವರು. ಅಲ್ಲಿ ಅವಳ ಮಗಳೇ ಪರದೇಶಿಯಾಗಿ ಸಾಲಿನಲ್ಲಿ ನಿಲ್ಲುವುದು ಅವಳಿಂದ ನೋಡಲಾಗದು.

ಆದರೆ ಜಪಾನಿನ ಕಾನೂನು ಹೀಗಿದೆ. ಹೊರಗೆ ಹುಟ್ಟಿ ಆ ದೇಶದ ಪೌರತ್ವವೂ ಸಿಕ್ಕ ಮಗುವಿನ ಜನನವನ್ನು ಮೂರು ತಿಂಗಳೊಳಗೆ ತಿಳಿಸಿ, ‘ಜಪಾನಿನ ಪೌರತ್ವವನ್ನು ಕಾಯ್ದಿಟ್ಟುಕೊಳ್ಳುತ್ತೇವೆ’ ಎಂದು ಸಹಿ ಮಾಡಬೇಕು. ತಪ್ಪಿದರೆ, ಹುಟ್ಟಿದ ದಿನದಿಂದಲೇ ಅದು ಇರಲಿಲ್ಲ ಎಂದಾಗುತ್ತದೆ. ನಮಗೆ ಮೇ ಒಂಬತ್ತು ಕೊನೆಯ ದಿನ. ಅದಕ್ಕೆ ಹೆಸರು ಸೇರಿಸಿದ ಅಮೆರಿಕದ ಜನನ ಪತ್ರ ಬೇಕು, ಸೇರಿಸಿ ಕೊಡಲು ಮೂರು ವಾರವಂತೆ. ಅಂದರೆ ಏಪ್ರಿಲ್ ನಡುವಿನೊಳಗೆ ಹೆಸರು ನಿಶ್ಚಯವಾಗಬೇಕು. ಇಪ್ಪತ್ತು ತುಂಬುವುದರೊಳಗೆ ಎರಡರಲ್ಲಿ ಯಾವುದು ಎಂದು ಆರಿಸು ಅಂತ ಜಪಾನು ಅವಳನ್ನು ಕೇಳುತ್ತದೆ. ಆಗ ಅವಳೇ ಆರಿಸಿಕೊಳ್ಳಲಿ. ಅವಳ ಆ ಹಕ್ಕನ್ನು ಅಪ್ಪ ಅಮ್ಮ ಮೂರೇ ತಿಂಗಳಲ್ಲಿ ಕಳೆದುಹಾಕಬಾರದು. ಇದನ್ನು ಮೊದಲೇ ಹೇಳಿದ್ದರೆ, ಕಚೇರಿ ಕೆಲಸಕ್ಕಾಗಿ ಅತ್ತೆ ನೆನಪಾದಳು ಅಂದುಕೊಳ್ಳುತ್ತೀ ಎಂದು ಅವಸರವಿಲ್ಲ ಎಂದು ಬರೆದೆ.

ಇನ್ನೂ ಒಂದಿದೆ. ಜಪಾನಿನಲ್ಲಿ ಮನೆತನಕ್ಕೊಂದು ದಾಖಲೆ ಪುಸ್ತಕ. ಮಗು ತಾಯಿಯ ದಾಖಲೆಗೆ ಸೇರುತ್ತದೆ, ಅಡ್ಡಹೆಸರು ಅವಳದೇ, ಮೊರಿತಾ. ನಮ್ಮ ಮನೆಯದು ಎಂದು ಆ ಸಾಲಿನಲ್ಲಿ ಉಳಿಯುವುದು ನೀನು ಇಡುವ ಹೆಸರು ಒಂದೇ.

ಈಗ ಸಿರಿ. ಅಕ್ಕಾ, ಜಪಾನಿನವರ ಬಾಯಲ್ಲಿ ಅದು ‘ಶಿರಿ’ ಆಗುತ್ತದೆ. ‘ಶಿರಿ’ ಅಂದರೆ ಅವರ ಭಾಷೆಯಲ್ಲಿ ಕುಂಡಿ.

ನಿನ್ನ ಕಾಗದ ಓದಿ ಹೇಳಿದಾಗ ಕನಾಕೊಳ ಮುಖ ಕೆಂಪಾಯಿತು. ಆಮೇಲೆ, ಅತ್ತೆ ಇಟ್ಟ ಹೆಸರು, ಅದೇ ಇರಲಿ ಅಂದಳು. ಒಳ್ಳೆಯ ಅರ್ಥದ ಚಿತ್ರಾಕ್ಷರ ಹುಡುಕಿ ಬರೆಯುತ್ತಾಳಂತೆ. ಮಕ್ಕಳು ನಕ್ಕರೆ ನಗಲಿ, ಸ್ವಲ್ಪ ದಿನ ನಕ್ಕು ಸುಮ್ಮನಾಗುತ್ತಾರೆ ಅಂದಳು. ಅವಳಿಗೂ ‘ಆಯಾ’, ‘ಅನ್ನಾ’ ಎಂಬ ಎರಡು ಹೆಸರು ಬಹಳ ಇಷ್ಟವಿದ್ದವು. ಒಂದನ್ನು ಕೂಗಿದರೆ ಆಸ್ಪತ್ರೆಯ ಆಯಾ ಬರುತ್ತಾಳೆ, ಇನ್ನೊಂದನ್ನು ಕೂಗಿದರೆ ಊಟಕ್ಕೆ ಕೂತವರು ಬಡಿಸಿ ಅನ್ನುತ್ತಾರೆ ಎಂದು ನಾನು ಹೇಳಿದ ದಿನವೇ ಎರಡನ್ನೂ ಕೈಬಿಟ್ಟಳು. ಅವಳಿಗೆ ನಿನ್ನ ಹೆಸರು ಬೇಡವಾಗಿಲ್ಲ. ಹೇಳಲಾರದೆ ಒದ್ದಾಡಿದವನು ನಾನು.

ಶಶಿಧರ

*

ಜರ್ಸಿ ಸಿಟಿ
೪ ಏಪ್ರಿಲ್ ೨೦೨೪

ಅಕ್ಕಾ,

ಹನ್ನೊಂದು ದಿನವಾಯಿತು. ನೀಲಿ ಗೆರೆ ಬಿದ್ದಿದೆ, ಓದಿದ್ದೀ ಎಂದು ಗೊತ್ತು. ಬೈದಾದರೂ ಬರೆ.

ಶಶಿ

*

ಧಾರವಾಡ
೭ ಏಪ್ರಿಲ್ ೨೦೨೪

ಶಶಿಗೆ ಅಕ್ಕನ ಆಶೀರ್ವಾದ.

ನಿನ್ನ ದೊಡ್ಡ ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲನೇ ಸಲ ಸಿಟ್ಟು ಬಂತು. ಎರಡನೇ ಸಲ ಅಳು ಬಂತು. ಮೂರನೇ ಸಲ ಓದುವಾಗ ನಿಮ್ಮ ಮಾವ ಬಂದು ಏನದು ಎಂದು ಕೇಳಿದರು. ಸಿರಿ ಅಂದರೆ ಅಲ್ಲಿ ಇಂಥದು ಎಂದು ಹೇಳಿದೆ. ಆ ಮನುಷ್ಯ ಚಹಾದ ಕಪ್ಪು ಕೆಳಗಿಟ್ಟು ಕಟ್ಟೆಯ ಮೇಲೆ ಹೋಗಿ ಕೂತು ನಗಲು ಶುರು ಮಾಡಿದರು. ನಿಲ್ಲಿಸಲೇ ಇಲ್ಲ. ನೋಡಿ ನೋಡಿ ನನಗೂ ನಗು ಬಂತು. ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ಹುಣ್ಣಾಯಿತು. ಆಮೇಲೆ ನನಗೆ ಮತ್ತೆ ಅಳು ಬಂತು.

ಕಾರಣ ಕೇಳಬೇಡ ಅಂದಿದ್ದೆ. ಈಗ ನಾನೇ ಹೇಳುತ್ತೇನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ನನ್ನ ಕಥೆ ಅದು. ಮದುವೆಯಾದ ವರ್ಷವೇ, ಹೆಣ್ಣಾದರೆ ಸಿರಿ ಎಂದು ಇಟ್ಟುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಕುಲಾವಿ ಇತ್ತು, ಕೂಸು ಬರಲಿಲ್ಲ. ನಿನ್ನ ಮಗಳಿಗಾದರೂ ಆಗಲಿ ಎಂದು ಕೊಟ್ಟೆ. ಅದಕ್ಕೆ ನೀನು “ಚೆನ್ನಾಗಿದೆ” ಅಂದಾಗ ಕರುಳಿಗೆ ಹತ್ತಿತು.

ಆದರೆ ಕನಕಾ ಹೇಳಿದ ಮಾತು ನನ್ನನ್ನು ಸೋಲಿಸಿತು. (ಕನಾಕೊ ಎಂದು ಬರೆಯಲು ನನಗೆ ಬರುವುದಿಲ್ಲ. ನನಗೆ ಅವಳು ಕನಕಾ.) ತನ್ನ ಭಾಷೆಯಲ್ಲಿ ಕುಂಡಿ ಎಂದು ಗೊತ್ತಿದ್ದೂ, ಅತ್ತೆ ಇಟ್ಟಿದ್ದು, ಇರಲಿ ಅಂದಳಲ್ಲ. ನನ್ನ ಸ್ವಂತ ಮಗಳಿಗೂ ಅಂಥ ಗುಣ ಬರುತ್ತಿತ್ತೋ ಇಲ್ಲವೋ. ಅವಳಿಗೆ ಹೇಳು, ಸಿರಿ ಬೇಡ. ನನ್ನ ಸೊಸೆ ಯಾವ ದೇಶದ ಶಾಲೆಯಲ್ಲೂ ಹೆಸರು ಹೇಳಿದ ಕೂಡಲೆ ನಗಿಸಿಕೊಳ್ಳಬಾರದು. ಆ ಕುಲಾವಿ ಅವಳ ತಲೆಗೆ ಹೊಂದಲಿಲ್ಲ, ಹೊಸದು ಹೊಲಿದರಾಯಿತು.

ಈ ಸಲ ಕಣ್ಣು ಮುಚ್ಚಿ ಹೊಲಿಯುವುದಿಲ್ಲ. ಅವರ ಭಾಷೆಯಲ್ಲಿ ಯಾವ ಯಾವ ಅಕ್ಷರಗಳಿವೆ, ಅಷ್ಟನ್ನೂ ಕನಕಾಳಿಂದ ಬರೆಸಿ ಕಳಿಸು. ಕೆಳಗೆ ನೀನು ಕನ್ನಡದಲ್ಲಿ ಬರೆ. ದುಂಡಗೆ ಬರೆ.

ನಿನ್ನ ಅಕ್ಕ

*

ಜರ್ಸಿ ಸಿಟಿ
೮ ಏಪ್ರಿಲ್ ೨೦೨೪

ಅಕ್ಕಾ,

ಸಿರಿಯ ಮಾತು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಒಂದೂವರೆ ಸಾಲು ಬರೆಯುತ್ತಿರಲಿಲ್ಲ. ನಿನ್ನ ಕಾಗದವನ್ನು ಓದಿ ಹೇಳಿದಾಗ ಕನಾಕೊ ಅತ್ತಳು. ತನ್ನನ್ನು ಕನಕಾ ಎಂದು ಬರೆದಿರುವುದನ್ನು ತೋರಿಸಿದೆ. ಅರ್ಥ ಕೇಳಿದಳು, ಚಿನ್ನ ಅಂದೆ. ಆ ಅಕ್ಷರಗಳನ್ನು ನೋಡಿಕೊಂಡು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ.

ಜಪಾನಿ ಅಕ್ಷರಮಾಲೆಯ ಹಾಳೆ ಜೊತೆಗಿದೆ. ಅವಳು ಬರೆದದ್ದು, ಕೆಳಗೆ ನಾನು ಬರೆದದ್ದು. ದುಂಡಗೇ ಬರೆದಿದ್ದೇನೆ. ನಾಳೆ ಯುಗಾದಿ, ಬೇವು ಸಿಗಲಿಲ್ಲ, ಬೆಲ್ಲ ಸಿಕ್ಕಿತು.

ಶಶಿ

*

ಧಾರವಾಡ
೧೦ ಏಪ್ರಿಲ್ ೨೦೨೪

ಶಶಿ, ಕನಕಾ, ಇಬ್ಬರಿಗೂ ಆಶೀರ್ವಾದ.

ನಿನ್ನೆ ಯುಗಾದಿಯ ಹೋಳಿಗೆ ಮಾಡುವುದನ್ನು ಬಿಟ್ಟು ಹಾಳೆ ಹಿಡಿದು ಕೂತೆ. ಎಲಾ ಇವನ, ಇದು ನಮ್ಮ ಕಾಗುಣಿತವೇ ಅಲ್ಲವೇನೋ! ಅ ಇ ಉ ಎ ಒ. ಆಮೇಲೆ ಕ ಕಿ ಕು ಕೆ ಕೊ. ಸಾಲುಗಳನ್ನು ನೋಡು: ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಚ ಇರಬೇಕಾದಲ್ಲಿ ಸ ಕೂತಿದೆ, ಪ ಇರಬೇಕಾದಲ್ಲಿ ಹ ಕೂತಿದೆ, ಮಿಕ್ಕದ್ದೆಲ್ಲ ನಮ್ಮದೇ ಸಾಲು. ಯ ರ ವ ಕೂಡ ಕೊನೆಗೇ ಇವೆ. ಇಪ್ಪತ್ತೆಂಟು ವರ್ಷ ಕಲಿಸಿದ ಸರದಿ ಅಷ್ಟು ದೂರದಲ್ಲಿ ಯಾರ ಮನೆಯಲ್ಲೋ ಹಾಗೇ ಇರುವುದು ನೋಡಿ ಮೈ ಜುಮ್ಮೆಂದಿತು. ಯಾರು ಯಾರಿಗೆ ಕಲಿಸಿದರೋ, ಕನಕಾಳನ್ನು ಕೇಳು. ನಾನು ಬೀಗರ ಮನೆ ಎಲ್ಲೋ ಏಳು ಸಮುದ್ರದಾಚೆ ಇದೆ ಎಂದುಕೊಂಡು ಮೂರು ವರ್ಷ ಮುಖ ತಿರುಗಿಸಿ ಕೂತಿದ್ದೆ, ಎಂಥ ದಡ್ಡಿ.

ಈ ಅಕ್ಷರಗಳಲ್ಲೇ ಸಿಗುವ ಹೆಸರುಗಳನ್ನು ಆರಿಸಿದೆ. ಲ ಇಲ್ಲ, ಳ ಇಲ್ಲ, ಒತ್ತಕ್ಷರವಿಲ್ಲ. ಮೂವತ್ತು ಬರೆದು ಹೊಡೆದು ಹೊಡೆದು ನಾಲ್ಕು ಉಳಿಸಿದ್ದೇನೆ. ಬೇರೆ ಹಾಳೆಯಲ್ಲಿ ಬಿಡಿಬಿಡಿಯಾಗಿ ಬರೆದಿದೆ:

ಉಮಾ. ಹೇಮಾ. ಶಿವಾನಿ. ಮನ.

ಕನಕಾ ಈ ಹಾಳೆಯ ಮೇಲೆ ಸರಿ ತಪ್ಪು ಗುರುತು ಹಾಕಿ ವಾಪಸ್ಸು ಕಳಿಸಲಿ. ಸರಿ ಅಂದದ್ದರಲ್ಲಿ ಒಂದನ್ನು ನಾನು ಆರಿಸುತ್ತೇನೆ. ಯಾವುದು ಎಂದು ಬರೆದು ಕಳಿಸುವುದಿಲ್ಲ. ಹೆಸರು ಮೊದಲು ಕಿವಿಗೆ, ಆಮೇಲೆ ಕಾಗದಕ್ಕೆ. ಬರುವ ಭಾನುವಾರ ನಮ್ಮ ಸಂಜೆ ಆರೂವರೆಗೆ, ನಿಮ್ಮ ಬೆಳಿಗ್ಗೆ ಒಂಬತ್ತಕ್ಕೆ, ತೊಟ್ಟಿಲು ಸಿಂಗರಿಸಿ ಇಡು.

ಫೋನು ನಾನೇ ಮಾಡುತ್ತೇನೆ.

ಅಕ್ಕ

*

ಜರ್ಸಿ ಸಿಟಿ
೧೨ ಏಪ್ರಿಲ್ ೨೦೨೪

ಅಕ್ಕಾ,

“ಫೋನು ನಾನೇ ಮಾಡುತ್ತೇನೆ” ಎಂಬ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಹಾಳೆ ಜೊತೆಗಿದೆ. ಕನಾಕೊ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾಳೆ. ಆರಿಸುವವಳು ನೀನು ಎಂದು ಹೇಳಿ ಅರ್ಥಗಳನ್ನು ಬರೆಯಲಿಲ್ಲ, ನನಗೂ ಹೇಳಲಿಲ್ಲ. ಅಕ್ಷರಗಳ ಸರದಿಯ ಬಗ್ಗೆ ಕೇಳಿದೆ. ಬಹಳ ಹಿಂದೆ ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳು ಹಾಗೆ ಜೋಡಿಸಿದರು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ಅದು ತನ್ನ ಸಂಸಾರಕ್ಕೆ ಸಂಬಂಧಪಟ್ಟ ವಿಷಯ ಎಂದು ಯಾವತ್ತೂ ಅನ್ನಿಸಿರಲಿಲ್ಲವಂತೆ.

ಕಡಲೆ ನೆನೆ ಹಾಕುತ್ತೇನೆ. ತೊಟ್ಟಿಲು ಅಂಗಡಿಯದು, ಮರದ್ದು, ತೂಗುತ್ತದೆ.

ಶಶಿ

*

ಧಾರವಾಡ
೧೫ ಏಪ್ರಿಲ್ ೨೦೨೪

ಶಶಿಗೆ, ಕನಕಾಗೆ, ಮತ್ತು ಆ ಪುಟ್ಟವ್ವನಿಗೆ.

ಬೆನ್ನು ಇನ್ನೂ ನೋಯುತ್ತಿದೆ. ಕೂರಲು ದಿಂಬು ಬೇಕಾಗಿದೆ. ಆದರೂ ನಿನ್ನೆ ನಡೆದದ್ದನ್ನು ನನ್ನ ಕಡೆಯಿಂದ ಬರೆದಿಡಬೇಕು, ನಾಳೆ ಆ ಹುಡುಗಿ ದೊಡ್ಡವಳಾಗಿ ಓದಲಿ.

ಮರಳಿ ಬಂದ ಹಾಳೆಯಲ್ಲಿ ಉಮಾ, ಹೇಮಾ, ಶಿವಾನಿ ಮೂರಕ್ಕೂ ರೈಟ್ ಮಾರ್ಕು ಇತ್ತು. ಮನ ಎಂಬುದರ ಸುತ್ತ ದೊಡ್ಡದಾಗಿ ಕೆಂಪು ಸೊನ್ನೆ. ನಾನು ಎಷ್ಟು ಸಾವಿರ ನೋಟ್‌ಬುಕ್ಕು ತಿದ್ದಿಲ್ಲ? ರೈಟು ಅಂದರೆ ಸರಿ, ಸುತ್ತಿದರೆ ತಪ್ಪು. ನಿಜ ಹೇಳಲೇ? ನಾಲ್ಕರಲ್ಲಿ ನನಗೆ ಬೇಕಾದದ್ದು ಅದೊಂದೇ. ಮನಸಾರೆ, ಮನಮುಟ್ಟುವಂತೆ, ಮನತುಂಬಿ ಎಂದು ದಿನಕ್ಕೆ ಹತ್ತು ಸಲ ಆಡುವ ಮಾತು, ಯಾರೂ ಹೆಸರಾಗಿ ಇಟ್ಟಿಲ್ಲ. ಮಿಕ್ಕ ಮೂರನ್ನು ಲೆಕ್ಕ ತುಂಬಲು ಬರೆದಿದ್ದೆ. ಒಮ್ಮೆ ಬಿಟ್ಟುಕೊಟ್ಟವಳಿಗೆ ಇನ್ನೊಮ್ಮೆ ಬಿಡುವುದು ಕಷ್ಟವೇ ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ನಿಮಗೆ ಬರೆಯಲಿಲ್ಲ, ಇವರಿಗೂ ಹೇಳಲಿಲ್ಲ. ಉಮಾ ಎಂದು ಗಟ್ಟಿ ಮಾಡಿದೆ.

ಚನ್ನಮ್ಮ, ಕೆಂಪಮ್ಮ, ಓಣಿಯ ಇನ್ನೂ ಆರು ಹೆಂಗಸರು ಬಂದು ನನ್ನ ಹಿಂದೆ ಕೂತರು. ಫೋನಿನಲ್ಲಿ ತೊಟ್ಟಿಲು ಕಂಡಿತು, ಮಗು ಕಂಡಿತು, ನಮ್ಮ ಅವ್ವನ ಹಣೆ ಕಂಡಿತು. ನೀನು ಫೋನನ್ನು ಅವಳ ಕಿವಿಗೆ ಹಿಡಿದೆ. ಮೂರು ವರ್ಷದ ಮೇಲೆ ಆ ಫೋನಿನಲ್ಲಿ ನಾನು ಆಡಿದ ಮೊದಲ ಮಾತು “ಕುರ್‌ರ್, ಉಮಾ”. ಧಬಧಬ ಗುದ್ದು ಬಿತ್ತು. ಆ ಕಡೆಯಿಂದ ಕನಕಾ ಚೀರಿದ್ದು ಕೇಳಿಸಿತು. ನಿನಗೆ ಏನೋ ಹೇಳಿದಳು, ನೀನು ನನಗೆ ಹೇಳಿದೆ:

“ಅಕ್ಕಾ, ಉಮಾ ಅಂದ್ರ ಕುದುರಿ ಅಂತ. ಆಕಿ ತಪ್ಪು ಅಂತ ಗುರುತು ಹಾಕ್ಯಾಳಲ್ಲ?”

“ರೈಟ್ ಹಾಕ್ಯಾಳಲ್ಲೋ!”

“ಜಪಾನದಾಗ ರೈಟ್ ಹಾಕಿದ್ರ ತಪ್ಪಂತ. ಸೊನ್ನಿ ಸುತ್ತಿದ್ರ ಸರಿ.”

ಹೇಮಾ ಅಂದರೆ ಎಡವಟ್ಟು, ಶಿವಾ ಎಂದು ಶುರುವಾದರೆ ಮುಖದ ಸುಕ್ಕು ನೆನಪಾಗುತ್ತದೆ ಎಂದು ಆಮೇಲೆ ಹೇಳಿದಿರಿ. ಅದು ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಸುತ್ತಿದ್ದೇ ಸರಿ ಎಂದರೆ ಮನ ಸರಿ. ಅವಳು ಸರಿ ಅಂದದ್ದೂ ಅದೊಂದೇ, ನನಗೆ ಬೇಕಾಗಿದ್ದದ್ದೂ ಅದೊಂದೇ. ಹಾಗಾದರೆ ಅದರ ಅರ್ಥವೇನು ಎಂದು ಕೇಳಿದೆ. ಕನಕಾ ಫೋನು ತೆಗೆದುಕೊಂಡು ಕನ್ನಡದಲ್ಲೇ ಹೇಳಿದಳು. “ಮನ, ಪ್ರೀತಿ” ಅಂದಳು. ಪ್ರೀತಿ ಎಂದು ಬರೆಯುವ ಅಕ್ಷರವನ್ನೇ ಅವರಲ್ಲಿ ಮನ ಎಂದು ಓದಿ ಹೆಣ್ಣುಮಕ್ಕಳಿಗೆ ಇಡುತ್ತಾರಂತೆ. ನಮ್ಮಲ್ಲಿ ಮನಸ್ಸು, ಅಲ್ಲಿ ಪ್ರೀತಿ. ಇನ್ನೇನು ಬೇಕು ಶಶಿ? ಇನ್ನೇನೂ ಬೇಡ.

ಫೋನನ್ನು ಮತ್ತೆ ಕಿವಿಗೆ ಹಿಡಿಸಿ ಮತ್ತೆ ಕುರ್‌ರ್ ಎಂದೆ. ಹೆಂಗಸರು, ಮೊದಲನೆಯದು ಲೆಕ್ಕಕ್ಕಿಲ್ಲ ಟೀಚರ ಎಂದು ಹೇಳಿ ಎರಡರಷ್ಟು ಗುದ್ದಿದರು. ಕೆಂಪಮ್ಮನ ಕೈ ರೊಟ್ಟಿ ಬಡಿಯುವ ಕೈ. ಬಡಿಸಿಕೊಳ್ಳುವುದರಲ್ಲಿ ಇಷ್ಟು ಸುಖ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಈಗ ಓಡು. ಕಿವಿಗೆ ಹೇಳಿಯಾಯಿತು, ಕಾಗದ ಮಾಡಿಸು.

ಅಕ್ಕ

*

ಜರ್ಸಿ ಸಿಟಿ
೮ ಮೇ ೨೦೨೪

ಅಕ್ಕಾ,

ಆಯಿತು. ನಿನ್ನೆ ಕೊಟ್ಟೆವು, ಎರಡು ದಿನ ಉಳಿದಿರುವಾಗ.

ಹೆಸರು ಸೇರಿದ ಜನನ ಪತ್ರ ಸೋಮವಾರ ಮಧ್ಯಾಹ್ನ ಅಂಚೆಯಲ್ಲಿ ಬಂತು. ಅದು ಬರುವವರೆಗೆ ದಿನಾ ನಾಲ್ಕು ಸಲ ಕೆಳಗಿಳಿದು ಅಂಚೆಪೆಟ್ಟಿಗೆ ನೋಡಿದ್ದೇನೆ. ಲಿಫ್ಟಿನಲ್ಲಿ ಸಿಕ್ಕವರು ನನಗೆ ಏನೋ ರೋಗ ಎಂದುಕೊಂಡಿರಬೇಕು. ಮಂಗಳವಾರ ಬೆಳಿಗ್ಗೆ ಮಗುವನ್ನು ಎದೆಗೆ ಕಟ್ಟಿಕೊಂಡು ಟ್ರೈನ್ ಹಿಡಿದು ಮ್ಯಾನ್‌ಹಟನ್ನಿನ ಜಪಾನಿ ಕಾನ್ಸುಲೇಟಿಗೆ ಹೋದೆವು. ಫಾರಂ ಮೇಲೆ ‘ಪೌರತ್ವ ಕಾಯ್ದಿಟ್ಟುಕೊಳ್ಳುತ್ತೇನೆ’ ಎಂಬ ಜಾಗ ಅಂಗೈಯಗಲವೂ ಇಲ್ಲ. ಅಲ್ಲಿ ಕನಾಕೊ ಒಂದು ಕೈಯಲ್ಲಿ ಸಹಿ ಹಾಕಿದಳು. ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದಿದ್ದಳು.

ಗಾಜಿನ ಆಚೆ ಕೂತಿದ್ದ ನಡುವಯಸ್ಸಿನ ಹೆಂಗಸು ಎಲ್ಲ ಹಾಳೆಗಳನ್ನು ತಿರುವಿ ನೋಡಿ ತಲೆ ಎತ್ತಿ ಕರೆದರು. “ಮೊರಿತಾ ಮನ.”

ಅಷ್ಟೆ ಅಕ್ಕಾ. ಒಂದೇ ಸಲಕ್ಕೆ, ತೊಡಕಿಲ್ಲದೆ. ಹದಿಮೂರು ವರ್ಷದಿಂದ ಇಲ್ಲಿ ಯಾವ ಕೌಂಟರಿನಲ್ಲೂ ನನ್ನ ಹೆಸರು ಸರಿಯಾಗಿ ಬಂದಿಲ್ಲ. ಶಸಿದಾರ್, ಶಾಶಿ, ಶ್ಯಾಸ್, ಕೊನೆಗೆ “ಸಾರಿ, ನೀವೇ ಹೇಳಿ”. ನನ್ನ ಮಗಳ ಹೆಸರು ಮೊದಲ ಬಾಯಿಗೇ ಸರಿಯಾಗಿ ಬಂತು. ನೀನು ಕಿವಿಯಲ್ಲಿ ಹೇಳಿದ ಹಾಗೇ ಇತ್ತು. ನಾನು ಅಲ್ಲೇ ಅತ್ತುಬಿಟ್ಟೆ. ಆ ಹೆಂಗಸು ಗಾಬರಿಯಾಗಿ ಟಿಶ್ಯೂ ಕೊಟ್ಟರು. ಒಳ್ಳೆಯ ಹೆಸರು, ಯಾರು ಇಟ್ಟರು ಎಂದು ಕನಾಕೊಳನ್ನು ಕೇಳಿದರು. “ಇವಳ ಅತ್ತೆ, ಕನ್ನಡ ಟೀಚರ್” ಅಂದಳು.

ಅಮೆರಿಕದ ಪಾಸ್‌ಪೋರ್ಟಿನ ಅರ್ಜಿ ಮುಂದಿನ ವಾರ. ಜಪಾನಿನದು, ದಾಖಲೆಗೆ ಹೆಸರು ಏರಿದ ಮೇಲೆ. ನಮ್ಮ ಓಸಿಐ ಅದಾದ ಮೇಲೆ. ಮೂರರಲ್ಲೂ ಒಂದೇ ಹೆಸರು. ನಾಳೆ ನನ್ನ ಕೆಲಸ ಹೋದರೂ ನನ್ನ ಮಗಳು ಎಲ್ಲಿಯೂ ಪರದೇಶಿಯಲ್ಲ. ರಾತ್ರಿ ನಿದ್ದೆ ಬಂತು ಅಕ್ಕಾ.

ಶಶಿ

*

ಧಾರವಾಡ
೧೦ ಮೇ ೨೦೨೪, ಬಸವ ಜಯಂತಿ

ಶಶಿ, ಕನಕಾ, ಮನ, ಮೂವರಿಗೂ.

ಗೆದ್ದಿರಿ. ನಿನ್ನ ಕಾಗದ ಓದಿ ನಿಮ್ಮ ಮಾವ ಎದ್ದು ನಿಂತು ಚಪ್ಪಾಳೆ ಹೊಡೆದರು, ಮನೆಯಲ್ಲಿ ನಾವಿಬ್ಬರೇ ಇದ್ದೆವು.

ನಿನ್ನ ಮಗಳಿಗೆ ಮೂರೇ ತಿಂಗಳಿಗೆ ಎರಡು ದೇಶ. ನನಗೆ ಐವತ್ತೆರಡಾದರೂ ಒಂದು ಪಾಸ್‌ಪೋರ್ಟಿಲ್ಲ. ನಿನ್ನೆ ಹೋಗಿ ಅರ್ಜಿ ಹಾಕಿ ಬಂದೆ. ಈ ವಯಸ್ಸಿಗೆ ಎಲ್ಲಿಗೆ ಹೊರಟಿರಿ ಮೇಡಂ ಎಂದು ಸರದಿಯಲ್ಲಿ ಹಿಂದಿದ್ದವರು ಕೇಳಿದರು. ಗುದ್ದು ತಿಂದ ಬೆನ್ನು ತೋರಿಸಲು ಎಂದು ಬಾಯಿಗೆ ಬಂದಿತ್ತು, ಸೊಸೆಯ ಮನೆಗೆ ಎಂದು ಹೇಳಿದೆ.

ಇವತ್ತು ಮಠದಲ್ಲಿ ಬಾಲ ಬಸವಣ್ಣನ ತೊಟ್ಟಿಲು. ಪ್ರತಿ ವರ್ಷ ಹೋಗುತ್ತೇನೆ, ಹೋಗಿ ಕಂಬದ ಹತ್ತಿರ ನಿಲ್ಲುತ್ತೇನೆ. ಮುಂದೆ ಹೋಗಿ ಹಗ್ಗ ಹಿಡಿಯುವವರು ಮಕ್ಕಳೊಂದಿಗರು. ಹಿಡಿಯಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಹಿಡಿ ಎಂದೂ ಹೇಳಿದ್ದಿಲ್ಲ. ಇಪ್ಪತ್ತೆರಡು ವರ್ಷ ನಾನೂ ಕೇಳಿಲ್ಲ. ಇವತ್ತು ಯಾರಿಗೂ ಕಾಯಲಿಲ್ಲ. ನೇರ ಹೋಗಿ ಹಗ್ಗ ಹಿಡಿದೆ. ಪಕ್ಕದಲ್ಲಿ ನಿಂತ ಒಬ್ಬ ಮುದುಕಿ, ಯಾವ ಊರಿನವಳೋ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದಳು.

“ಯವ್ವಾ, ನಿನ್ನ ಮಡಿಲಾಗ ಎಷ್ಟು ಮಕ್ಕಳು?”

ಇಷ್ಟು ವರ್ಷ ಈ ಪ್ರಶ್ನೆಗೆ ಹೆದರಿ ಎಷ್ಟು ಮದುವೆ, ಎಷ್ಟು ತೊಟ್ಟಿಲು ತಪ್ಪಿಸಿಕೊಂಡಿದ್ದೇನೆ ನಿನಗೆ ಗೊತ್ತಿಲ್ಲ. ಇವತ್ತು ಹಗ್ಗ ಬಿಡಲಿಲ್ಲ.

“ಹೆಸರಿಟ್ಟ ಮಗಳೊಬ್ಬಾಕಿ ಅದಾಳ,” ಅಂದೆ. “ಎರಡು ದೇಶದಾಕಿ. ಮನ ಅಂತ.”

ಮುದುಕಿ ಹಗ್ಗದ ಮೇಲೆ ನನ್ನ ಕೈಯ ಪಕ್ಕ ತನ್ನ ಕೈ ಇಟ್ಟಳು. ಇಬ್ಬರೂ ತೂಗಿದೆವು.

ನಿಮ್ಮ
ಸೋದರತ್ತೆ ಶೈಲಮ್ಮ